ಎಂಟು ನಿಮಿಷದ ಹಾದಿ

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ವಿಮಾನದಲ್ಲಿ ಎಷ್ಟು ಹೊತ್ತಿನ ಪ್ರಯಾಣ? ಚಳ್ಳಕೆರೆಯ ಬಸ್ ನಿಲ್ದಾಣದಲ್ಲಿ ಕಡಲೆಕಾಯಿ ಬಿಡಿಸುತ್ತ ಕುಳಿತವರನ್ನು ಹೀಗೆ ಕೇಳಿದರೆ ಅವರು ನಗದೆ ಇರಲಾರರು. ಪ್ರಯಾಣಿಕರ ವಿಮಾನ ಇಳಿಯುವ ತಾಣ ಎರಡು ಊರಿನಲ್ಲಿಯೂ ಇಲ್ಲ. ಬಳ್ಳಾರಿಯ ಹೆದ್ದಾರಿ ಹಿಡಿದು, ತಳುಕನ್ನು ದಾಟಿ, ಹಾನಗಲ್ಲಿನ ಬಳಿ ಹೊರಳಬೇಕು. ಐವತ್ತು ಕಿಲೋಮೀಟರಿಗೆ ಕೊಂಚ ಹೆಚ್ಚು, ಬಸ್ಸಿಗೆ ಗಂಟೆಗೂ ಮೀರಿದ ದಾರಿ. ತಳುಕು ಬಂದಾಗ ಕನ್ನಡ ಓದಿದವನ ಕಣ್ಣು ತಾನಾಗಿ ಕಿಟಕಿಯಾಚೆ ಹರಿಯುತ್ತದೆ. ಕುವೆಂಪು ಅವರು ‘ಶ್ರೀ ರಾಮಾಯಣ ದರ್ಶನಂ’ ಕಾವ್ಯವನ್ನು ಅರ್ಪಿಸಿದ ಗುರು ವೆಂಕಣ್ಣಯ್ಯನವರ ಊರು ಅದು.

ಆದರೆ ಹಾರಾಟವೆಂಬುದು ಈ ಸೀಮೆಗೆ ಅಪರಿಚಿತವೆಂದು ತಿಳಿಯಬಾರದು. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಬಳಿ, 4,290 ಎಕರೆ ಬಯಲಿನಲ್ಲಿ, ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯವಿದೆ. 2017ರ ಮೇ 28ರಂದು ಅದರ ಉದ್ಘಾಟನೆಯಾಯಿತು. ಚಾಲಕನಿಲ್ಲದ ‘ರುಸ್ತುಂ-2’ ವಿಮಾನ ಅದಕ್ಕೂ ಮೊದಲೇ, 2016ರ ನವೆಂಬರಿನಲ್ಲಿ, ಅಲ್ಲಿಂದ ಮೇಲೇರಿತ್ತು. 2024ರ ಜೂನ್ 23ರ ಬೆಳಿಗ್ಗೆ ಇಸ್ರೋದವರ ‘ಪುಷ್ಪಕ್’ ಎಂಬ ರೆಕ್ಕೆಯ ವಾಹನವನ್ನು ಚಿನೂಕ್ ಹೆಲಿಕಾಪ್ಟರು ನಾಲ್ಕೂವರೆ ಕಿಲೋಮೀಟರು ಎತ್ತರಕ್ಕೆ ಒಯ್ದು ಕೈಬಿಟ್ಟಿತು. ವಾಹನ ತಾನೇ ದಾರಿ ತಿದ್ದಿಕೊಂಡು ಬಂದು ಓಡುದಾರಿಯ ಮೇಲೆ ಇಳಿಯಿತು. ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚು. ನಾವು ಏರುವ ವಿಮಾನಗಳು ಇಳಿಯುವುದು ಸುಮಾರು 260ರ ವೇಗದಲ್ಲಿ.

ಇನ್ನು ಲೆಕ್ಕ ಸುಲಭ. ಎರಡು ಊರುಗಳ ನಡುವೆ ನೇರ ಗೆರೆ ಎಳೆದರೆ ಸುಮಾರು 45 ಕಿಲೋಮೀಟರು. ಪುಷ್ಪಕ್ ಇಳಿದ ವೇಗದಲ್ಲಿ ಹಾರಿದರೆ ಎಂಟು ನಿಮಿಷ ಚಿಲ್ಲರೆ. ರೇಷ್ಮೆ ಸೀರೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುವ ಮೊಳಕಾಲ್ಮೂರಿನ ನೇಕಾರನಿಗೆ ಈ ಎಂಟು ನಿಮಿಷದಿಂದ ಆಗಬೇಕಾದುದೇನೂ ಇಲ್ಲ.

ಆ ಬಯಲಾದರೋ ಬರಿದಾಗಿರಲಿಲ್ಲ. ಅದು ಅಮೃತಮಹಲ್ ಕಾವಲು. ಸುತ್ತಲಿನ ಹಳ್ಳಿಗಳ ಕುರಿ ದನಗಳು ಮೇಯುತ್ತಿದ್ದ ಹುಲ್ಲುನೆಲ. ಚಳ್ಳಕೆರೆಯ ಕಂಬಳಿಗೆ ಉಣ್ಣೆ ಬರಬೇಕಾದರೆ ಮೊದಲು ಕುರಿಗೆ ಹುಲ್ಲು ಬೇಕಷ್ಟೆ. ಬೇಲಿ ಎದ್ದಾಗ ಹಳ್ಳಿಗರು ಪ್ರತಿಭಟಿಸಿದರು. 2013ರಲ್ಲಿ ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯನ್ನು ಮುಟ್ಟಿತು. ವಿಜ್ಞಾನ ಬೇಕೆಂಬುದರಲ್ಲಿ ನನಗೆ ಸಂದೇಹವಿಲ್ಲ. ಕುರಿಯನ್ನು ಮುಂದೆ ಎಲ್ಲಿಗೆ ಹೊಡೆದುಕೊಂಡು ಹೋಗಬೇಕೆಂದು ಕುರುಬನು ಕೇಳಿದರೆ ಅದೂ ನ್ಯಾಯವಾದ ಪ್ರಶ್ನೆಯೇ.

ದೂರವನ್ನು ಇನ್ನೊಂದು ಬಗೆಯಲ್ಲಿ ಅಳೆದವರ ಗುರುತು ಈ ದಾರಿಯ ಆಚೆಯ ತುದಿಯಲ್ಲಿದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ, 1892ರಲ್ಲಿ ಬಿ. ಎಲ್. ರೈಸ್ ಅವರು ಇವನ್ನು ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆಜ್ಞೆ ಅದು. ಅದರಲ್ಲಿ 256 ಎಂಬ ಸಂಖ್ಯೆಯಿದೆ. ಚಕ್ರವರ್ತಿಯು ಪ್ರವಾಸದಲ್ಲಿ ಕಳೆದ ರಾತ್ರಿಗಳ ಎಣಿಕೆಯೆಂದು ಬಹುಮಂದಿ ವಿದ್ವಾಂಸರು ಅರ್ಥೈಸುತ್ತಾರೆ. ಕೊನೆಯಲ್ಲಿ ಚಪಡನೆಂಬ ಲಿಪಿಕಾರನು ತನ್ನ ಹೆಸರನ್ನು ಬ್ರಾಹ್ಮಿಯಲ್ಲಿಯೇ ಬರೆದು, ‘ಲಿಪಿಕಾರ’ ಎಂಬ ಮಾತನ್ನು ಮಾತ್ರ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಬಲದಿಂದ ಎಡಕ್ಕೆ ಓಡುವ ಆ ಲಿಪಿ ಗಾಂಧಾರದ ಕಡೆಯದು. ಅಷ್ಟು ದೂರದ ಅಕ್ಷರವನ್ನು ಕೈಯಲ್ಲಿ ಹೊತ್ತು ಬಂದವನು ದಾರಿಯಲ್ಲಿ ಎಷ್ಟು ರಾತ್ರಿ ಕಳೆದನೋ, ಆ ಸಂಖ್ಯೆಯನ್ನು ಅವನು ಕೆತ್ತಿಲ್ಲ.