ದೂರದ ದಾರಿಗೆ ಯಾವ ಬೈಕು? ನಿಮ್ಮ ಬೆನ್ನನ್ನು ಕೇಳಿ

ಎರಡು ವರ್ಷಗಳ ಹಿಂದಿನ ಮಾತು. ಹಾಸನದಿಂದ ಮಂಗಳೂರಿಗೆ ಬೈಕಿನಲ್ಲಿ ಹೊರಟಿದ್ದೆ. ಹಿಂದಿನ ಸೀಟಿನಲ್ಲಿ ಪತ್ನಿ ಇದ್ದರು. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುತ್ತಿದ್ದಾಗ ತಿರುವಿನಲ್ಲಿ ಟ್ಯಾಂಕರೊಂದು ಎದುರಾಯಿತು. ಬಲಗಾಲಿನಿಂದ ಬ್ರೇಕ್ ಒತ್ತಿದೆ. ಒತ್ತಿದೆನೋ ಇಲ್ಲವೋ ನನಗೇ ಗೊತ್ತಾಗಲಿಲ್ಲ, ಪಾದ ಜೋಮು ಹಿಡಿದಿತ್ತು. ಕೈ ಬ್ರೇಕಿನಿಂದ ಹೇಗೋ ಬೈಕು ನಿಂತಿತು. ಗುಂಡ್ಯ ತಲುಪುವವರೆಗೆ ಇಬ್ಬರೂ ಮಾತನಾಡಲಿಲ್ಲ.

ಸೊಂಟ ನೋವೆಂದು ಬರುವವರಿಗೆ ದಿನವೂ ಬುದ್ಧಿ ಹೇಳುವವನು ನಾನು. ಆದರೆ ನನ್ನ ಸೊಂಟದಿಂದ ಹೊರಟು ತೊಡೆಯ ಹಿಂಭಾಗದಲ್ಲಿ ಹಿಮ್ಮಡಿಯವರೆಗೆ ಇಳಿಯುತ್ತಿದ್ದ ನೋವನ್ನು ಒಂದು ವರ್ಷದಿಂದ ಕಡೆಗಣಿಸಿದ್ದೆ. ಯುನಾನಿಯಲ್ಲಿ ಇದಕ್ಕೆ ‘ಇರ್ಕುನ್ನಸಾ’ ಎನ್ನುತ್ತಾರೆ, ಜನರು ಸಯಾಟಿಕಾ ಎಂದು ಕರೆಯುತ್ತಾರೆ. ಎಂಆರ್‌ಐ ಮಾಡಿಸಿದಾಗ ಸೊಂಟದ ನಾಲ್ಕು ಮತ್ತು ಐದನೆಯ ಮೂಳೆಗಳ ನಡುವಿನ ಡಿಸ್ಕ್ ಸ್ವಲ್ಪ ಉಬ್ಬಿರುವುದು ಕಂಡಿತು. ನೋವಿಗೆ ಕಾರಣಗಳು ಹಲವಿದ್ದವು: ನಲವತ್ತು ದಾಟಿದ ವಯಸ್ಸು, ಇಡೀ ದಿನ ಕುರ್ಚಿಯ ಮೇಲಿನ ಕೆಲಸ, ಏರಿದ ತೂಕ. ಅದನ್ನು ಹೆಚ್ಚಿಸುತ್ತಿದ್ದದ್ದು ಎಂಟು ವರ್ಷಗಳಿಂದ ನಾನು ಪ್ರೀತಿಯಿಂದ ಓಡಿಸುತ್ತಿದ್ದ ಕ್ರೂಸರ್ ಬೈಕು.

ಕುಳಿತುಕೊಳ್ಳುವ ಭಂಗಿಯ ವ್ಯತ್ಯಾಸ

ಕ್ರೂಸರ್ ಎಂದರೆ ತಗ್ಗಾದ ಸೀಟು, ಮುಂದಕ್ಕೆ ಚಾಚಿದ ಕಾಲು, ಸವಾರನ ಕಡೆಗೆ ಬಾಗಿದ ಹ್ಯಾಂಡಲ್ ಇರುವ ಬೈಕು. ನೋಡಲು ಆರಾಮ ಕುರ್ಚಿಯಲ್ಲಿ ಕುಳಿತಂತೆ. ಅರ್ಧ ಗಂಟೆಯ ಸವಾರಿಗೆ ನಿಜಕ್ಕೂ ಆರಾಮವೇ. ತೊಂದರೆ ಶುರುವಾಗುವುದು ಎರಡನೆಯ ಗಂಟೆಯಿಂದ.

ಕಾಲು ಮುಂದಕ್ಕೆ ಹೋದಾಗ ಸೊಂಟದ ಎಲುಬುಗೂಡು ಹಿಂದಕ್ಕೆ ವಾಲುತ್ತದೆ. ಬೆನ್ನಿನ ಕೆಳಭಾಗದಲ್ಲಿರುವ ಸಹಜ ಬಾಗು ಚಪ್ಪಟೆಯಾಗುತ್ತದೆ. ಆಗ ಡಿಸ್ಕಿನ ಮುಂಭಾಗ ಒತ್ತಿಕೊಂಡು ಒಳಗಿನ ಮೆದುವಾದ ಭಾಗ ಹಿಂದಕ್ಕೆ, ಅಂದರೆ ನರಗಳ ಕಡೆಗೆ ತಳ್ಳಲ್ಪಡುತ್ತದೆ. ಮೈಭಾರವೆಲ್ಲ ಬಾಲದ ಮೂಳೆಯ ಸುತ್ತ ಬೀಳುತ್ತದೆ. ಪಾದಗಳು ಮೈಯ ಕೆಳಗೆ ಇಲ್ಲದ ಕಾರಣ ಗುಂಡಿ ಬಂದಾಗ ಸೀಟಿನಿಂದ ಸ್ವಲ್ಪ ಮೇಲೇಳಲು ಆಗುವುದಿಲ್ಲ. ಪೆಟ್ಟು ನೇರವಾಗಿ ಬೆನ್ನುಮೂಳೆಗೆ ಹೋಗುತ್ತದೆ. ಜೊತೆಗೆ ವೇಗ ಹೆಚ್ಚಿದಾಗ ಗಾಳಿ ಎದೆಯನ್ನು ಹಿಂದಕ್ಕೆ ದೂಡುತ್ತದೆ, ನಾವು ಹ್ಯಾಂಡಲನ್ನು ಎಳೆದು ಹಿಡಿದುಕೊಳ್ಳುತ್ತೇವೆ. ಕುತ್ತಿಗೆ, ಭುಜ, ಮಣಿಕಟ್ಟು ದಣಿಯುವುದು ಹೀಗೆ.

ಟೂರಿಂಗ್ ಅಥವಾ ಅಡ್ವೆಂಚರ್ ಟೂರರ್ ಬೈಕಿನಲ್ಲಿ ಪಾದಗಳು ಹೆಚ್ಚುಕಡಿಮೆ ಸೊಂಟದ ಕೆಳಗೇ ಇರುತ್ತವೆ. ಹ್ಯಾಂಡಲ್ ಅಗಲ, ಬೆನ್ನು ನೇರ. ಗುಂಡಿ ಕಂಡಾಗ ಫುಟ್‌ಪೆಗ್ ಮೇಲೆ ಭಾರ ಹಾಕಿ ಎದ್ದರೆ ಮಂಡಿಗಳೇ ಸ್ಪ್ರಿಂಗಿನಂತೆ ಪೆಟ್ಟನ್ನು ಹೀರುತ್ತವೆ. ಮುಂದಿನ ಗಾಜು ಗಾಳಿಯನ್ನು ತಡೆಯುತ್ತದೆ. ಅಂಕಿಗಳಲ್ಲಿ ಹೇಳುವುದಾದರೆ, ಕ್ರೂಸರ್ ವರ್ಗದ ರಾಯಲ್ ಎನ್‌ಫೀಲ್ಡ್ ಮೀಟಿಯೋರ್ 350ರ ಸೀಟಿನ ಎತ್ತರ 765 ಮಿಲಿಮೀಟರ್, ಮುಂದಿನ ಸಸ್ಪೆನ್ಷನ್ನಿನ ಚಲನೆ 130 ಮಿಲಿಮೀಟರ್. ಅದೇ ಕಂಪೆನಿಯ ಹಿಮಾಲಯನ್ 450ರ ಸೀಟು 825 ಮಿಲಿಮೀಟರ್, ಸಸ್ಪೆನ್ಷನ್ ಚಲನೆ 200 ಮಿಲಿಮೀಟರ್. ಎರಡರ ತೂಕ ಹೆಚ್ಚುಕಡಿಮೆ ಒಂದೇ. ಒಂದು ಪೇಟೆಯ ನಿಧಾನ ಸವಾರಿಗೆ ಹೊಂದಿದರೆ ಇನ್ನೊಂದು ದೂರದ, ಒರಟು ದಾರಿಗೆ ಹೊಂದುತ್ತದೆ.

ಕೊಳ್ಳುವ ಮುನ್ನ

ಆದರೆ ಎಲ್ಲರೂ ಬೈಕು ಬದಲಿಸಬೇಕೆಂದು ನಾನು ಹೇಳುವುದಿಲ್ಲ. ದಿನಕ್ಕೆ ಹತ್ತು ಕಿಲೋಮೀಟರ್ ಓಡಿಸುವವರಿಗೆ, ಎತ್ತರ ಕಡಿಮೆ ಇರುವವರಿಗೆ ತಗ್ಗಾದ ಸೀಟೇ ಸುರಕ್ಷಿತ. ಟೂರಿಂಗ್ ಬೈಕಿನ ಎತ್ತರದ ಸೀಟಿನಲ್ಲಿ ಕುಳಿತಾಗ ತುದಿಗಾಲು ಮಾತ್ರ ನೆಲಕ್ಕೆ ತಾಗುತ್ತಿದ್ದರೆ, ಸಿಗ್ನಲ್ಲಿನಲ್ಲಿ ನಿಂತಾಗ ಬೈಕು ವಾಲುವ ಭಯವಿದೆ. ಸುಮಾರು 200 ಕಿಲೋ ತೂಕದ ಬೈಕನ್ನು ಬಗ್ಗಿ ಎತ್ತಲು ಹೋಗಿ ಡಿಸ್ಕ್ ಜಾರಿಸಿಕೊಂಡವರು ನನ್ನ ಬಳಿ ಬಂದಿದ್ದಾರೆ. ಬಿದ್ದ ಬೈಕಿಗೆ ಬೆನ್ನು ಮಾಡಿ, ಮಂಡಿ ಮಡಚಿ, ಕಾಲಿನ ಬಲದಿಂದ ಎತ್ತಬೇಕು. ಯಾರಾದರೂ ಸಹಾಯಕ್ಕೆ ಸಿಕ್ಕರೆ ನಾಚಿಕೊಳ್ಳಬಾರದು.

ಶೋರೂಮಿನಲ್ಲಿ ಐದು ನಿಮಿಷ ಕುಳಿತು ತೀರ್ಮಾನಿಸಬೇಡಿ. ಗೆಳೆಯರ ಬೈಕನ್ನು ಕನಿಷ್ಠ ಒಂದು ಗಂಟೆ ಓಡಿಸಿ ನೋಡಿ. ಹಿಂದೆ ಕೂರುವವರನ್ನೂ ಕರೆದುಕೊಂಡು ಹೋಗಿ. ನನ್ನ ಪತ್ನಿಗೆ ಹೊಸ ಬೈಕು ಹತ್ತುವುದೇ ಮೊದಲು ಕಷ್ಟವಾಗಿತ್ತು. ಬೈಕನ್ನು ರಸ್ತೆಬದಿಯ ಕಟ್ಟೆಯ ಪಕ್ಕ ನಿಲ್ಲಿಸುವುದು, ಒಂದು ಬದಿಗೆ ಕಾಲು ಹಾಕಿ ಕೂರದಿರುವುದು, ಬುರ್ಖಾ ಮತ್ತು ದುಪಟ್ಟಾದ ಅಂಚನ್ನು ಚಕ್ರಕ್ಕೆ ಸಿಗದಂತೆ ಮಡಚಿ ಪಿನ್ ಹಾಕುವುದು, ಇವನ್ನೆಲ್ಲ ರೂಢಿಸಿಕೊಂಡ ಮೇಲೆ ಸರಿಹೋಯಿತು. ಇಬ್ಬರಿಗೂ ಹೆಲ್ಮೆಟ್ ಕಡ್ಡಾಯ ಎಂಬುದನ್ನು ಮತ್ತೆ ಹೇಳಬೇಕಿಲ್ಲ.

ಬೈಕು ಔಷಧಿಯಲ್ಲ

ಬೈಕು ಬದಲಿಸಿದ ಮಾತ್ರಕ್ಕೆ ನನ್ನ ನೋವು ಹೋಗಲಿಲ್ಲ. ಎರಡು ತಿಂಗಳು ಸವಾರಿ ನಿಲ್ಲಿಸಿದೆ. ಔಷಧಿ ತೆಗೆದುಕೊಂಡೆ, ರೋಗನೆ ಬಾಬೂನಾದಿಂದ ಹಗುರವಾಗಿ ‘ದಲ್ಕ್’, ಅಂದರೆ ಮಾಲಿಶು ಮಾಡಿಸಿಕೊಂಡೆ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳ ವ್ಯಾಯಾಮವನ್ನು ಇಂದಿಗೂ ಬಿಟ್ಟಿಲ್ಲ. ಆರು ಕಿಲೋ ತೂಕ ಇಳಿಸಿದೆ.

ಯುನಾನಿಯಲ್ಲಿ ಆರೋಗ್ಯಕ್ಕೆ ಅತ್ಯಗತ್ಯವಾದ ಆರು ಸಂಗತಿಗಳನ್ನು ‘ಅಸ್ಬಾಬೆ ಸಿತ್ತಾ ಝರೂರಿಯಾ’ ಎನ್ನುತ್ತಾರೆ: ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದುದು ಮತ್ತು ಹೊರಹೋಗಬೇಕಾದುದು. ದೂರದ ಸವಾರನಿಗೆ ಈ ಆರೂ ಅನ್ವಯಿಸುತ್ತವೆ.

ಗಂಟೆಗೊಮ್ಮೆ, ಹೆಚ್ಚೆಂದರೆ ಒಂದೂವರೆ ಗಂಟೆಗೊಮ್ಮೆ ಇಳಿದು ಐದು ನಿಮಿಷ ನಡೆಯಿರಿ. ನಮಾಝಿಗೆ ನಿಲ್ಲುವ ಸಮಯವನ್ನೂ ಇದಕ್ಕೆ ಹೊಂದಿಸಿಕೊಳ್ಳಬಹುದು. ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲವೆಂದು ನೀರು ಕುಡಿಯದೆ ಇರುವುದು, ಬಂದ ಮೂತ್ರವನ್ನು ತಡೆಹಿಡಿಯುವುದು ಬೇಡ. ಹಿಂದೆ ಕೂರುವ ಹೆಂಗಸರಲ್ಲಿ ಇದು ಹೆಚ್ಚು. ಮೂತ್ರದ ಸೋಂಕಿಗೆ, ಮೂತ್ರಕೋಶದ ಕಲ್ಲಿಗೆ ಇದೇ ದಾರಿಯಾಗುತ್ತದೆ. ಹೊರಡುವ ಮುನ್ನವೇ ಪೆಟ್ರೋಲ್ ಬಂಕು, ಮಸೀದಿ, ಹೋಟೆಲುಗಳಲ್ಲಿ ಎಲ್ಲೆಲ್ಲಿ ನಿಲ್ಲಬಹುದೆಂದು ಗೊತ್ತು ಮಾಡಿಕೊಳ್ಳಿ. ಹೊಟ್ಟೆ ತುಂಬ ಬಿರಿಯಾನಿ ಉಂಡು ಹೊರಟರೆ ನಿದ್ದೆ ನಿಮ್ಮ ಹಿಂದೆಯೇ ಕುಳಿತಿರುತ್ತದೆ. ಹಗುರ ಊಟ, ಹಿಂದಿನ ರಾತ್ರಿ ಪೂರ್ತಿ ನಿದ್ದೆ, ಮನಸ್ಸು ಕುದಿಯುವಾಗ ಬೈಕು ಹತ್ತದಿರುವುದು, ಇವಿಷ್ಟು ಸಾಕು.

ಶುಚಿತ್ವದ ಮಾತು

ಎರಡನೆಯ ಮಹಾಯುದ್ಧದಲ್ಲಿ ಜೀಪು ಓಡಿಸುತ್ತಿದ್ದ ಅಮೆರಿಕದ ಅನೇಕ ಸೈನಿಕರಿಗೆ ಬಾಲದ ಮೂಳೆಯ ಬಳಿ ಕೀವಿನ ಗಂಟು ಆಗುತ್ತಿತ್ತು. ಅದಕ್ಕೆ ‘ಜೀಪ್ ಕಾಯಿಲೆ’ ಎಂದೇ ಹೆಸರು ಬಿತ್ತು. ಕುಲುಕಾಟ, ಬೆವರು, ಕೂದಲು ಮೂರೂ ಸೇರಿದರೆ ಇಂದಿಗೂ ಅದು ಬರುತ್ತದೆ. ತೊಡೆ ಸಂದಿಯ ಹುಳುಕಡ್ಡಿಯಂತೂ ಸವಾರರಲ್ಲಿ ಸಾಮಾನ್ಯ. ಬಿಗಿ ಜೀನ್ಸ್ ಬಿಟ್ಟು ಒಳಗೆ ಹತ್ತಿಯ ಬಟ್ಟೆ ಧರಿಸಿ. ಮನೆ ತಲುಪಿದ ಕೂಡಲೇ ಸ್ನಾನ ಮಾಡಿ, ಸಂದಿಗಳನ್ನು ಒಣಗಿಸಿಕೊಳ್ಳಿ. ಹೆಲ್ಮೆಟ್ಟಿನ ಒಳಬಟ್ಟೆ ಮತ್ತು ಗ್ಲೌಸನ್ನು ಆಗಾಗ ಒಗೆದು, ಪೂರ್ತಿ ಒಣಗಿದ ಮೇಲೆಯೇ ಬಳಸಿ.

ಇವನ್ನು ತಡಮಾಡಬೇಡಿ

ಕಾಲಿನ ಬಲ ಕುಗ್ಗಿದರೆ, ನಡೆಯುವಾಗ ಪಾದ ಜೋತುಬಿದ್ದರೆ, ಸೀಟಿಗೆ ತಾಗುವ ಭಾಗದಲ್ಲಿ ಸ್ಪರ್ಶವೇ ತಿಳಿಯದಿದ್ದರೆ, ಮಲಮೂತ್ರದ ಹಿಡಿತ ತಪ್ಪಿದರೆ ಎಣ್ಣೆ, ಹಿಜಾಮಾ, ಮಾಲಿಶು ಎಂದು ಅಲೆಯದೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಿ. ಯುನಾನಿ ವೈದ್ಯನಾಗಿಯೇ ಇದನ್ನು ಹೇಳುತ್ತಿದ್ದೇನೆ. ನರ ಒತ್ತಿಹೋದಾಗ ಗಂಟೆಗಳಿಗೂ ಬೆಲೆ ಇದೆ.

ಹಳೆಯ ಬೈಕನ್ನು ಮಾರಿದ ದಿನ ಮನಸ್ಸು ಭಾರವಾಗಿತ್ತು ನಿಜ. ಕಳೆದ ತಿಂಗಳು ಮತ್ತೆ ಶಿರಾಡಿ ಇಳಿದೆವು. ಮೂರು ಕಡೆ ನಿಂತೆವು, ನೀರು ಕುಡಿದೆವು, ಮೊದಲಿಗಿಂತ ಒಂದು ಗಂಟೆ ತಡವಾಗಿ ಮಂಗಳೂರು ಸೇರಿದೆವು. ಅದೇ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಪಾದದ ಕೆಳಗೆ ಪೆಡಲ್ ಸ್ಪಷ್ಟವಾಗಿ ತಿಳಿಯಿತು. ಪತ್ನಿ ಹಿಂದಿನಿಂದ ಕೇಳಿದರು, ‘ಕಾಲು ಹೇಗಿದೆ?’ ‘ಇದೆ’ ಎಂದೆ.