ವಿನ್ಯಾಸವೆಂಬ ವಿದ್ಯೆ

‘ವಿನ್ಯಾಸ’ ಶಬ್ದವು ‘ಅಸ್’ ಧಾತುವಿನಿಂದ ನಿಷ್ಪನ್ನವಾದುದು. ‘ನ್ಯಾಸ’ವೆಂದರೆ ಇರಿಸುವಿಕೆ, ‘ವಿ’ ಉಪಸರ್ಗವು ಸೇರಿ, ಯಾವುದನ್ನು ಎಲ್ಲಿರಿಸಬೇಕೋ ಅಲ್ಲಿ ವಿವೇಚಿಸಿ ಇರಿಸುವುದೆಂಬ ಅರ್ಥವು ಲಭಿಸುತ್ತದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅಂತಿಮ ವರ್ಷದಲ್ಲಿ ಸಣ್ಣ ತಂಡಗಳಾಗಿ ಕೈಗೊಳ್ಳುವ ‘ಪ್ರಾಜೆಕ್ಟ್’ ವ್ಯಾಸಂಗಕ್ಕೆ ಈ ಅರ್ಥವೇ ಕೈದೀವಿಗೆಯಾಗಬಲ್ಲುದು. ಅದುವರೆಗೆ ಬಿಡಿಬಿಡಿಯಾಗಿ ಕಲಿತ ಶಾಸ್ತ್ರಗಳು ಒಂದೆಡೆ ಕೂಡಿ ಫಲಿಸಬೇಕಾದುದು ಇಲ್ಲಿಯೇ.

ಈ ಪಾಠಕ್ಕೆ ನಮ್ಮ ದುರ್ಗಕ್ಕಿಂತ ಉತ್ತಮ ಪಠ್ಯವುಂಟೆ? ಬೆಟ್ಟದ ಮಳೆನೀರು ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿಯರ ಹೊಂಡಗಳಲ್ಲಿ ನಿಂತು, ತುಂಬಿ, ಕೆಳಗಣ ಸಿಹಿನೀರು ಹೊಂಡ, ಸಂತೆಹೊಂಡಗಳಿಗೆ ಇಳಿಯುವಂತೆ ಏರ್ಪಡಿಸಿದವರು ಮೊದಲು ಬಂಡೆಯ ಇಳಿಜಾರನ್ನೂ ಜನರ ಅಗತ್ಯವನ್ನೂ ಅರಿತಿದ್ದರು. ಹಿರಿಯೂರಿನ ಬಳಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಬಳಿಕ ಮತ್ತೆ ಕೋಡಿ ಬಿದ್ದುದು 2022ರಲ್ಲಿ. ಕಟ್ಟುವವನು ಬರಗಾಲವನ್ನೂ ಲೆಕ್ಕಕ್ಕೆ ಹಿಡಿಯಬೇಕೆಂಬುದನ್ನು ಆ ಎಂಬತ್ತೊಂಬತ್ತು ವರ್ಷಗಳು ಸಾರುತ್ತವೆ.

ಪ್ರಾಜೆಕ್ಟನ್ನು ನಡೆಸುವ ಬಗೆಗೆ ಒಂದು ನಿದರ್ಶನ. ಹೊಳಲ್ಕೆರೆಯ ಬೆಳೆಗಾರರಿಗಾಗಿ ಅಡಿಕೆ ಸುಲಿಯುವ ಯಂತ್ರವನ್ನು ಮಾಡಹೊರಟ ತಂಡವನ್ನು ಅಧ್ಯಾಪಕರು ಮೊದಲು ಕಾರ್ಯಾಗಾರಕ್ಕಲ್ಲ, ಅಡಿಕೆ ಸುಲಿಯುವ ಚಪ್ಪರಕ್ಕೆ ಕಳುಹಿಸಬೇಕು. ಕಾಯಿಗಳ ಗಾತ್ರದಲ್ಲಿ ಎಷ್ಟು ಭೇದವಿದೆ? ನುರಿತ ಕೈ ಗಂಟೆಗೆ ಎಷ್ಟು ಸುಲಿಯುತ್ತದೆ? ಎಷ್ಟು ಅಡಿಕೆಗೆ ಗಾಯವಾದರೆ ಬೆಲೆ ಇಳಿಯುತ್ತದೆ? ಕರೆಂಟು ಹೋದರೆ ಗತಿಯೇನು? ಕೆಟ್ಟರೆ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಸರಿಯಾದೀತೆ? ಇವುಗಳ ಉತ್ತರಗಳನ್ನು ಅಂಕಿಗಳಲ್ಲಿ ಬರೆದಿಟ್ಟ ಮೇಲೆಯೇ ನಕ್ಷೆಗೆ ಕೈಹಾಕಬೇಕು. ಎರಡು ಮೂರು ಬಗೆಗಳನ್ನು ತೂಗಿ ನೋಡಿ, ಒಂದನ್ನಾರಿಸಿ, ಸಣ್ಣ ಮಾದರಿಯನ್ನು ಕಟ್ಟಿ ಪರೀಕ್ಷಿಸಬೇಕು. ಅದು ಸೋತರೆ ಕಾರಣವನ್ನು ದಾಖಲಿಸಿ ತಿದ್ದಬೇಕು. ಇದಕ್ಕೆ ಕಾಲಾವಕಾಶವು ಬೇಕಾದುದರಿಂದ ಮಾದರಿಯು ವರ್ಷದ ಮಧ್ಯದಲ್ಲಿಯೇ ಸಿದ್ಧವಾಗತಕ್ಕದ್ದು. ಕೊನೆಯ ಪರೀಕ್ಷೆ ನಡೆಯಬೇಕಾದುದು ಅದೇ ಚಪ್ಪರದಲ್ಲಿ.

ಅಧ್ಯಾಪಕರ ಧರ್ಮವು ಉತ್ತರ ಹೇಳುವುದಲ್ಲ, ವಾರವಾರವೂ ಪ್ರಶ್ನಿಸುವುದು. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ದಿನಚರಿಯನ್ನಿಟ್ಟರೆ ಒಬ್ಬನ ದುಡಿಮೆಗೆ ನಾಲ್ವರು ಅಂಕ ಪಡೆಯುವುದು ತಪ್ಪುತ್ತದೆ. ನಗರಗಳಲ್ಲಿ ಸಿದ್ಧ ಪ್ರಾಜೆಕ್ಟುಗಳೇ ಮಾರಾಟಕ್ಕಿವೆ. ಪರರ ದುಡಿಮೆಗೆ ತನ್ನ ಹೆಸರನ್ನಿಟ್ಟುಕೊಳ್ಳುವುದು ಕಾಯಕ ತತ್ತ್ವಕ್ಕೆ ನೇರ ವಿರುದ್ಧ. ಹಾಗೆ ಪದವಿ ಪಡೆದವನು ನಾಳೆ ಕಟ್ಟುವ ಸೇತುವೆಯ ಮೇಲೆ ನಡೆಯುವವರು ನಮ್ಮ ಮಕ್ಕಳೇ ಅಲ್ಲವೆ?

ಪ್ರೋತ್ಸಾಹಕ್ಕೆ ಕೊರತೆಯಿಲ್ಲ. ಬೆಂಗಳೂರಿನ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು 1970ರ ದಶಕದಿಂದಲೂ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಧನಸಹಾಯ ನೀಡಿ, ಪ್ರದರ್ಶನವನ್ನೇರ್ಪಡಿಸಿ, ಉತ್ತಮವಾದವನ್ನು ಪುರಸ್ಕರಿಸುತ್ತ ಬಂದಿದೆ. ದುರ್ಗದಲ್ಲಿಯೇ 1980ರಿಂದ ಎಸ್.ಜೆ.ಎಂ. ತಾಂತ್ರಿಕ ಮಹಾವಿದ್ಯಾಲಯವಿದೆ. ಬೇಕಾದುದು ನಿಜವಾದ ಸಮಸ್ಯೆಗಳು.

ಆದುದರಿಂದ ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ನನ್ನ ಬಿನ್ನಹವಿಷ್ಟೆ. ಚಿನ್ನದ ಪದಕಗಳನ್ನು ನೀಡುವ ಉದಾರಹೃದಯರು ಹೊಸದುರ್ಗದ ತೆಂಗಿನ ತೋಟವನ್ನೋ, ಹಿರಿಯೂರಿನ ಕಾರ್ಖಾನೆಯನ್ನೋ ವರ್ಷಕ್ಕೊಂದು ತಂಡಕ್ಕೆ ತೆರೆದಿಡಲಿ. ಮಾಡಿದ್ದನ್ನು ಬಳಸಿ ನೋಡಿ, ಗುಣದೋಷಗಳನ್ನು ನಿರ್ದಾಕ್ಷಿಣ್ಯವಾಗಿ ತಿಳಿಸಲಿ. ವಿದ್ಯಾದಾಸೋಹಕ್ಕೆ ಇದೂ ಒಂದು ಸಾರ್ಥಕವಾದ ಮಾರ್ಗ.