ಉಗ್ರಾಣದ ಮೂಲೆ

ಗೃಹವ್ಯವಸ್ಥೆಯನ್ನು ಕುರಿತು ಬರೆಯುವವರು ನಡುಮನೆ, ಅಡಿಗೆಮನೆ, ದೇವರಮನೆಗಳ ವಿಚಾರವನ್ನು ವಿಸ್ತರಿಸಿ ಹೇಳುವರಲ್ಲದೆ ಉಗ್ರಾಣದ ಬಾಗಿಲನ್ನು ತೆರೆದು ನೋಡುವುದು ವಿರಳ. ಮೂವತ್ತಕ್ಕೂ ಮಿಕ್ಕು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾನೂ ನಮ್ಮ ಮನೆಯ ಉಗ್ರಾಣದೊಳಗೆ ಏನಿದೆಯೆಂಬುದನ್ನು ಅರಿತವನಲ್ಲ. ಅದನ್ನು ಅರಿಯುವ ಸಂದರ್ಭವು ಒದಗಿದ ಬಗೆಯು ಸಂತೋಷದಾಯಕವಾದುದಲ್ಲ. ಆದರೂ ಇತರ ಗೃಹಸ್ಥರಿಗೆ ಉಪಯೋಗವಾದೀತೆಂದು ಇಲ್ಲಿ ನಿವೇದಿಸುತ್ತೇನೆ.

ಮೈಸೂರಿನಲ್ಲಿ ೩೦ ಅಡಿ ಅಗಲ, ೪೦ ಅಡಿ ಉದ್ದದ ನಿವೇಶನದಲ್ಲಿ ನಾವು ಮನೆಯನ್ನು ಕಟ್ಟಿಸಿದಾಗ ಉಗ್ರಾಣಕ್ಕೆ ದೊರೆತುದು ಐದಡಿ ಅಗಲ, ಆರಡಿ ಉದ್ದದ ಒಂದು ಕೋಣೆ. ಅಂಗುಲದಷ್ಟು ಸ್ಥಳವೂ ವ್ಯರ್ಥವಾಗಕೂಡದೆಂದು ಎಣಿಸಿ, ಎರಡು ಗೋಡೆಗಳಿಗೂ ೧೮ ಅಂಗುಲ ಅಗಲದ ಕಡಪದ ಕಲ್ಲಿನ ಹಲಗೆಗಳನ್ನು ಮೂಲೆಯಲ್ಲಿ ಒಂದಕ್ಕೊಂದು ಕೂಡುವಂತೆ ಹಾಕಿಸಿದವನು ನಾನೇ. ಗಾರೆಯವನು ಸ್ವಲ್ಪ ಅನುಮಾನಿಸಿದನು. ನಾನು ಕೇಳಲಿಲ್ಲ.

ಆ ತರುವಾಯ ಅನೇಕ ವರ್ಷಗಳ ಕಾಲ ತಿಂಗಳ ಸಾಮಾನಿನ ಪಟ್ಟಿಯನ್ನು ಬರೆಯುವಾಗಲೆಲ್ಲ ನಮ್ಮಲ್ಲಿ ಒಂದು ಸಣ್ಣ ವಿವಾದವು ನಡೆಯುತ್ತಿದ್ದಿತು. “ಹುರುಳಿಯನ್ನು ಮೊನ್ನೆ ತಾನೇ ತಂದೆನಲ್ಲ, ಮತ್ತೆ ಏಕೆ?” ಎಂದು ನಾನು ಕೇಳುವುದು. “ಕಣ್ಣಿಗೆ ಬೀಳಲಿಲ್ಲ ರೀ, ಮುಗಿದಿರಬೇಕು” ಎಂದು ನನ್ನ ಪತ್ನಿ ಹೇಳುವುದು. ಮನೆಯ ಲೆಕ್ಕದಲ್ಲಿ ಆಕೆಗೆ ಎಚ್ಚರಿಕೆ ಸಾಲದೆಂದು ನಾನು ಒಂದೆರಡು ಸಲ ನಿಷ್ಠುರವಾಗಿಯೇ ಆಡಿದುದುಂಟು.

ಕಳೆದ ವರ್ಷ ವರಮಹಾಲಕ್ಷ್ಮೀ ವ್ರತದ ಹಿಂದಿನ ದಿನ, ಹೋಳಿಗೆಗೆ ಬೇಕಾದ ಬೆಲ್ಲದ ಡಬ್ಬಿಯನ್ನು ಮೇಲಿನ ಹಲಗೆಯ ಮೂಲೆಯಿಂದ ತೆಗೆಯಲು ಆಕೆ ಸ್ಟೂಲನ್ನು ಹತ್ತಿ, ತೋಳನ್ನು ಒಳಕ್ಕೆ ಚಾಚಿ, ಆಯತಪ್ಪಿ ಬಿದ್ದಳು. ಬಲಗೈಯ ಮಣಿಕಟ್ಟು ಮುರಿಯಿತು. ಪ್ರಾಯ ಸಂದ ಸ್ತ್ರೀಯರ ಎಲುಬು ಸವೆದಿರುವುದರಿಂದ, ನೆಲಕ್ಕೆ ಕೈಯೂರಿ ಬಿದ್ದಾಗ ಹೀಗಾಗುವುದು ಬಹು ಸಾಮಾನ್ಯವೆಂದು ವೈದ್ಯರು ಹೇಳಿದರು. ಆರು ವಾರಗಳ ಕಾಲ ಕೈಗೆ ಕಟ್ಟು. ಅಡಿಗೆಯ ಭಾರವೆಲ್ಲ ನನ್ನದಾಯಿತು.

ಉಗ್ರಾಣವನ್ನು ಪ್ರವೇಶಿಸಿದ ಮೊದಲನೆಯ ದಿನವೇ ಸಾಸಿವೆಗಾಗಿ ಅರ್ಧ ಗಂಟೆ ಹುಡುಕಿದೆನು. ಎರಡನೆಯ ದಿನ ಮೂಲೆಯನ್ನೆಲ್ಲ ಬರಿದುಮಾಡಿ ನೋಡಿದೆನು. ದೊರೆತ ಪದಾರ್ಥಗಳಿವು: ಮಳೆಗಾಲದ ಥಂಡಿಗೆ ನೀರೊಡೆದು ಡಬ್ಬಿಗೆ ಅಂಟಿಕೊಂಡ ಬೆಲ್ಲ, ನನ್ನ ತಾಯಿಯವರ ಕಾಲದ ಚಕ್ಕುಲಿ ಒರಳು, ಹುಳು ಹಿಡಿದ ಹುರುಳಿಯ ಪೊಟ್ಟಣಗಳು ಮೂರು. ಕಾಳಿನ ಮೇಲೆ ಅಂಟಿಸಿದಂತೆ ಮೊಟ್ಟೆಯಿಡುವ ಈ ಕೀಟದ ಮರಿಯು ಕಾಳನ್ನು ಕೊರೆದು ಒಳಹೊಕ್ಕು, ಬೆಚ್ಚಗಿನ ಹವೆಯಲ್ಲಿ ಸುಮಾರು ಒಂದು ತಿಂಗಳೊಳಗೆ ಬೆಳೆದು ದುಂಡನೆಯ ರಂಧ್ರವನ್ನು ಮಾಡಿಕೊಂಡು ಹೊರಬರುವುದು. ಕೈಗೆ ಸಿಕ್ಕದ ಮೂಲೆಯೆಂದರೆ ಅದಕ್ಕೆ ನಿರ್ಬಾಧವಾದ ತೊಟ್ಟಿಲು.

ಆಗ ಅಳತೆಯ ಪಟ್ಟಿಯನ್ನು ತಂದು ಮೂಲೆಯನ್ನು ಅಳೆದೆನು. ೧೮ ಅಂಗುಲದ ಎರಡು ಹಲಗೆಗಳು ಕೂಡುವಲ್ಲಿ ೧೮ ಅಂಗುಲ ಭುಜವುಳ್ಳ ಒಂದು ಚೌಕವು ಏರ್ಪಡುವುದು. ನಾವು ನಿಲ್ಲುವ ಕಡೆಗಿರುವ ಅದರ ಕೋನದಿಂದ, ಗೋಡೆಗಳು ಕೂಡುವ ಹಿಂದಿನ ಕೋನಕ್ಕೆ ಇರುವ ದೂರವೇ ಚೌಕದ ಕರ್ಣ. ಚೌಕದ ಕರ್ಣವನ್ನು ಕಂಡುಹಿಡಿಯಲು ಬೌಧಾಯನ ಶುಲ್ಬಸೂತ್ರವು ಬಹು ಪ್ರಾಚೀನ ಕಾಲದಲ್ಲಿಯೇ ನಿಯಮವನ್ನು ಹೇಳಿದೆ: ಭುಜಕ್ಕೆ ಅದರ ಮೂರನೆಯ ಒಂದು ಭಾಗವನ್ನು ಸೇರಿಸಿ, ಆ ಭಾಗದ ನಾಲ್ಕನೆಯ ಒಂದನ್ನು ಮತ್ತೆ ಸೇರಿಸಿ, ಕೊನೆಗೆ ಸೇರಿಸಿದುದರ ಮೂವತ್ತನಾಲ್ಕನೆಯ ಒಂದು ಭಾಗವನ್ನು ಕಳೆಯುವುದು. ಹದಿನೆಂಟಕ್ಕೆ ಆರು, ಅದಕ್ಕೆ ಒಂದೂವರೆ, ಒಟ್ಟು ಇಪ್ಪತ್ತೈದೂವರೆ. ಕಳೆಯತಕ್ಕದ್ದು ಅತ್ಯಲ್ಪ. ಸಾಧಾರಣ ಸ್ತ್ರೀಯ ತೋಳು ಹೆಗಲಿನಿಂದ ಅಂಗೈಯವರೆಗೆ ಸುಮಾರು ೨೪ ಅಂಗುಲ. ಮೇಲೆ ಕಲ್ಲು, ಮುಂದೆ ಡಬ್ಬಿಗಳು. ಹೆಗಲು ಒಳಕ್ಕೆ ಹೋಗುವಂತಿಲ್ಲ. ಎಂದಮೇಲೆ ಆ ಕೋನವು ಯಾರ ಕೈಗೂ ಎಟಕುವುದಲ್ಲ. ಮಕ್ಕಳಿಗೆ ಹತ್ತಾರು ವರ್ಷ ಈ ಲೆಕ್ಕವನ್ನು ಕಲಿಸಿದ ನಾನು ನನ್ನ ಮನೆಯಲ್ಲಿ ಅದನ್ನು ಮಾಡಿರಲಿಲ್ಲ.

ಕಲ್ಲನ್ನು ಕೀಳಿಸದೆ ಮಾಡಬಹುದಾದ ಪರಿಹಾರಗಳನ್ನು ಯೋಚಿಸಿ, ಒಂದೊಂದನ್ನಾಗಿ ಅನುಷ್ಠಾನಕ್ಕೆ ತಂದೆನು.

ಮೊದಲನೆಯದು, ತಿರುಗುವ ತಟ್ಟೆ. ಕುಂಬಾರನ ತಿಗರಿಯಂತೆ ತಿರುಗುವ ದುಂಡು ಹಲಗೆಯೊಂದನ್ನು ಮೂಲೆಯಲ್ಲಿಡುವುದು. ೧೮ ಅಂಗುಲದ ಚೌಕಕ್ಕೆ ೧೬ ಅಂಗುಲ ವ್ಯಾಸದ ಹಲಗೆ ಸಾಕು. ಗೋಡೆಗೆ ತಗುಲದೆ ತಿರುಗಬೇಕು. ಎರಡು ಉಕ್ಕಿನ ತಗಡುಗಳ ನಡುವೆ ಗುಂಡುಗಳುಳ್ಳ ತಿರುಗಣೆಯು ಕಬ್ಬಿಣದ ಸಾಮಾನಿನ ಅಂಗಡಿಗಳಲ್ಲಿ ದೊರೆಯುವುದು. ಬಡಗಿಯು ಅದನ್ನು ಹಲಗೆಯ ಅಡಿಗೆ ಜೋಡಿಸಿ, ಅಂಚಿಗೆ ಎರಡು ಬೆರಳೆತ್ತರದ ಕಟ್ಟನ್ನು ಹಾಕಿಕೊಡುವನು. ಕಟ್ಟಿಲ್ಲದಿದ್ದರೆ ಡಬ್ಬಿಗಳು ತಿರುಗುವಾಗ ಉರುಳುವುವು. ಈಗ ಅತ್ಯಂತ ದೂರದ ಡಬ್ಬಿಯೆಂದರೆ ತಟ್ಟೆಯ ನಡುವಿನದು. ಅದಕ್ಕೆ ಸುಮಾರು ೧೩ ಅಂಗುಲ, ಎಂದರೆ ಹಿಂದಿನ ದೂರದ ಅರ್ಧ. ಅಂಚಿನ ಡಬ್ಬಿಗಳು ತಿರುಗಿಸಿದರೆ ತಾವಾಗಿ ಕೈಗೆ ಬರುವುವು. ದುಂಡು ತಟ್ಟೆಯಿಂದ ಚೌಕದ ಕೋನಗಳಲ್ಲಿ ಸ್ವಲ್ಪ ಸ್ಥಳವು ನಷ್ಟವಾಗುವುದು ನಿಜ. ಆದರೆ ಕೈಗೆಟಕದ ಸ್ಥಳವು ಇದ್ದೂ ಇಲ್ಲದುದಕ್ಕೆ ಸಮಾನವಷ್ಟೆ.

ಎರಡನೆಯದು, ಮೆಟ್ಟಿಲು. ದಸರೆಯಲ್ಲಿ ಗೊಂಬೆಗಳನ್ನು ಹಂತಹಂತವಾಗಿ ಕೂರಿಸುವುದು ಹಿಂದಿನ ಸಾಲೂ ಕಾಣಲೆಂದಲ್ಲವೆ? ಅದರಂತೆ ಮೂಲೆಯ ಹಿಂಭಾಗದಲ್ಲಿ ನಾಲ್ಕಂಗುಲ ಎತ್ತರದ ಮರದ ಮಣೆಯೊಂದನ್ನಿಟ್ಟು, ಎತ್ತರದ ಡಬ್ಬಿಗಳನ್ನು ಅದರ ಮೇಲೆಯೂ ಗಿಡ್ಡನೆಯವನ್ನು ಮುಂದೆಯೂ ಇಡುವುದು. ಇದರಿಂದ ಕೈಗೆ ದೂರವು ಕಡಿಮೆಯಾಗದಿದ್ದರೂ ಇರುವ ಪದಾರ್ಥವು ಕಣ್ಣಿಗೆ ಬೀಳುವುದು. ತಿರುಗುವ ತಟ್ಟೆಗೆ ಅನುಕೂಲವಿಲ್ಲದವರಿಗೆ ಇದೇ ಸುಲಭ.

ಮೂರನೆಯದು, ಗಾಲಿಯ ಮಣೆ. ನೆಲದ ಮೇಲಿನ ಮೂಲೆಯಲ್ಲಿ ಅಕ್ಕಿಯ ದೊಡ್ಡ ಡಬ್ಬಿಯನ್ನು ನಾಲ್ಕು ಗಾಲಿಗಳುಳ್ಳ ಗಟ್ಟಿ ಮಣೆಯ ಮೇಲಿಟ್ಟರೆ ಬಗ್ಗಿ ಎತ್ತುವ ಕಷ್ಟವಿಲ್ಲ. ಎಳೆದರೆ ಬರುವುದು, ತಳ್ಳಿದರೆ ಹೋಗುವುದು. ನೆಲ ಗುಡಿಸುವುದಕ್ಕೂ ಅನುಕೂಲ.

ಯಾವ ವಸ್ತುವನ್ನು ಎಲ್ಲಿಡಬೇಕೆಂಬುದೂ ಮುಖ್ಯವೇ. ಭಾರವಾದುದನ್ನು ಹೆಗಲಿಗಿಂತ ಮೇಲೆ ಇಡಕೂಡದು. ದಿನವೂ ಬೇಕಾದ ಬೇಳೆ, ಸಾಸಿವೆ, ಉಪ್ಪುಗಳು ಸೊಂಟದಿಂದ ಕಣ್ಣಿನ ಎತ್ತರದೊಳಗೆ ಇರಲಿ. ಮೇಲಿನ ಮೂಲೆಯು ಖಾಲಿ ಡಬ್ಬಿ, ಬುಟ್ಟಿ ಮುಂತಾದ ಹಗುರವಾದ, ವರ್ಷಕ್ಕೊಮ್ಮೆ ಬೇಕಾದ ವಸ್ತುಗಳಿಗೆ ಮೀಸಲಾಗಲಿ. ಹೊರಗೋಡೆಗಳು ಕೂಡುವ ಮೂಲೆಯಲ್ಲಿ ಮಳೆಗಾಲದ ಥಂಡಿಯು ಹೆಚ್ಚು. ಅಲ್ಲಿ ಗೋಡೆಗೂ ಡಬ್ಬಿಗೂ ನಡುವೆ ಎರಡು ಬೆರಳಿನ ಅಂತರವನ್ನು ಬಿಡತಕ್ಕದ್ದು. ಹೊಸದಾಗಿ ತಂದುದನ್ನು ಹಿಂದೆಯೂ ಹಳೆಯದನ್ನು ಮುಂದೆಯೂ ಇಟ್ಟು, ತಿಂಗಳಿಗೊಮ್ಮೆ ಮೂಲೆಯನ್ನು ಬರಿದುಮಾಡಿ ಒರಸಿದರೆ ಹುಳುವಿನ ಕಾಟವು ಬಹುಮಟ್ಟಿಗೆ ತಗ್ಗುವುದು.

ಹೊಸ ಮನೆಯನ್ನು ಕಟ್ಟಿಸುವವರಿಗೆ ಒಂದು ಮಾತು. ಎರಡು ಗೋಡೆಗೂ ಸಮನಾಗಿ ಅಗಲವಾದ ಹಲಗೆಗಳನ್ನು ಹಾಕಿಸಬೇಡಿರಿ. ಒಂದು ಕಡೆ ೧೮ ಅಂಗುಲವಿದ್ದರೆ ಮತ್ತೊಂದು ಕಡೆ ೮ ಅಂಗುಲವಿರಲಿ. ಡಬ್ಬಿಗಳ ಒಂದೇ ಸಾಲು ನಿಂತರೆ ಸಾಕು. ಆಗ ಮೂಲೆಯ ದೂರವು ೨೦ ಅಂಗುಲದೊಳಗೆ ನಿಲ್ಲುವುದು. ಕೈಯೂ ತಲಪುವುದು, ಕೋಣೆಯಲ್ಲಿ ತಿರುಗಾಡುವ ಸ್ಥಳವೂ ಹೆಚ್ಚುವುದು.

ಕಟ್ಟು ಬಿಚ್ಚಿದ ಮೇಲೆ ನನ್ನ ಪತ್ನಿ ಉಗ್ರಾಣಕ್ಕೆ ಬಂದು, ಇನ್ನೂ ಬಲ ಸಾಲದ ಆ ಕೈಯ ಒಂದೇ ಬೆರಳಿನಿಂದ ತಟ್ಟೆಯನ್ನು ತಿರುಗಿಸಿದಳು. ಹುರುಳಿಯ ಡಬ್ಬಿಯು ಮುಂದೆ ಬಂದಿತು. “ಲೆಕ್ಕ ನನಗೆ ತಿಳಿಯೋದಿಲ್ಲ ಅಂತಿದ್ದಿರಲ್ಲ ರೀ” ಎಂದಷ್ಟೇ ಹೇಳಿ ನಕ್ಕಳು. ತಪ್ಪು ಆಕೆಯ ಎಚ್ಚರಿಕೆಯದಲ್ಲ, ನಾನು ಹಾಕಿಸಿದ ಕಲ್ಲಿನದೆಂದು ಒಪ್ಪಿಕೊಂಡೆನು.

ಆದುದರಿಂದ ಗೃಹಸ್ಥರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಮನೆಯಲ್ಲಿ ಸಾಮಾನು ಕೆಟ್ಟಿತೆಂದಾಗಲಿ ಎರಡು ಸಲ ತರಿಸಿದರೆಂದಾಗಲಿ ಮನೆಯವರನ್ನು ಆಕ್ಷೇಪಿಸುವ ಮೊದಲು ನೀವೇ ಒಮ್ಮೆ ಉಗ್ರಾಣದೊಳಕ್ಕೆ ಹೋಗಿ, ಮೂಲೆಯ ಮುಂದೆ ನಿಂತು, ತೋಳನ್ನು ಚಾಚಿ ನೋಡಿರಿ. ಕೈ ಎಟಕದಿದ್ದರೆ ಆ ವಾರವೇ ಬಡಗಿಗೆ ಹೇಳಿಕಳುಹಿಸಿರಿ.